ಒಂದು ಬೀಡಿಯ ಹೊತ್ತು

ಕುರಿ ಓಡಿಸಿದ ಮೇಲೆ ಇಳಿಸಿಕೊಂಡೆವು.
ಕೆಜಿಎಫ್‌ನ ಹಳೇ ರನ್‌ವೇ. ಆಚೆಗೆ ಸೈನೈಡ್ ದಿಬ್ಬ,
ಗಾಳಿ ಎದ್ದರೆ ಅದರ ಪುಡಿ
ನಮ್ಮ ಹಲ್ಲಿನಲ್ಲೂ ವಿಮಾನದ ಫಿಲ್ಟರಿನಲ್ಲೂ ಒಂದೇ ಸಮ.

ಆರು ಸಿಲಿಂಡರಿನ ಸರ್ವೆ ವಿಮಾನ, ಹೊಟ್ಟೆಯಲ್ಲಿ ಕ್ಯಾಮೆರಾ.
ಕ್ಯಾಪ್ಟನ್ ಘಾಟಗೆ ಕೆಳಗಿಳಿಯುತ್ತಲೇ ದೂರು:
"ಒಂಬತ್ತು ಸಾವಿರ ಅಡಿವರೆಗೆ ಕುದುರೆ ಕಣಮ್ಮ,
ಅಲ್ಲಿಂದ ಮೇಲಕ್ಕೆ ಮುದಿ ಎತ್ತು.
ಮ್ಯಾನಿಫೋಲ್ಡ್ ಪ್ರೆಷರಿನ ಮುಳ್ಳು ಇಂಚಿಂಚೇ ಕೂತುಬಿಡುತ್ತೆ.
ಟರ್ಬೋ ಎರಡು ಸಲ ಬದಲಾಯಿಸಿದ್ದಾಯ್ತು.
ಮೂರನೇದು ತರಿಸಲಾ?"

ಬೇಡ, ಅಂದೆ.
ಒಂದು ಬಕೆಟ್ ಸೋಪುನೀರು ತರಿಸಿ.

ಟರ್ಬೋ ಅಂದರೇನು ಅಂತ ಕೇಳುವ ಹುಡುಗರಿಗೆ ನಾನು ಹೇಳುವುದಿಷ್ಟು:
ಬಿಟ್ಟ ಉಸಿರೇ ತಿದಿಯೊತ್ತುವ ಉಪಾಯ.
ಹೊರಗೆ ಹೋಗುವ ಬೆಂಕಿಗಾಳಿ ಒಂದು ಚಕ್ರ ತಿರುಗಿಸಿ ಹೋಗುತ್ತೆ,
ಅದೇ ಸರಳಿನ ಇನ್ನೊಂದು ತುದಿಯ ಚಕ್ರ
ಮೇಲಿನ ತೆಳು ಗಾಳಿಯನ್ನು ಹಿಡಿದು, ಅದುಮಿ, ಒಳಗೆ ತುರುಕುತ್ತೆ.
ನಿಮಿಷಕ್ಕೆ ಲಕ್ಷ ಸುತ್ತು,
ಆಸರೆಗೆ ಎಣ್ಣೆಯದೊಂದು ಪೊರೆ.
ಬಿಟ್ಟ ಉಸಿರು ದಾರಿಯಲ್ಲೇ ಸೋರಿದರೆ
ನೆಲದ ಹತ್ತಿರ ಯಾರಿಗೂ ಗೊತ್ತಾಗುವುದಿಲ್ಲ.
ಇಲ್ಲಿ ಗಾಳಿ ಧಾರಾಳ.

ಸವರಿಯಪ್ಪ ಚಿಕ್ಕಪ್ಪ ಎಣ್ಣೆಡಬ್ಬದ ಮೇಲೆ ಕೂತಿದ್ದ.
ಚಾಂಪಿಯನ್ ರೀಫಿನ ಕಂಪ್ರೆಸರ್ ಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ,
ಮೈಲಿ ಆಳದ ಡ್ರಿಲ್ಲುಗಳಿಗೆ ಗಾಳಿ ಕಳಿಸಿದವನು.
ವಿಮಾನ ಅವನಿಗೆ ಬೇಕಿಲ್ಲ.
ಗಾಳಿ ಎಲ್ಲಿ ಒತ್ತುತ್ತೋ ಅಲ್ಲಿಗೆ ಬರುತ್ತಾನೆ, ಅಷ್ಟೆ.

ಎಂಜಿನ್ ತಣಿಯಲು ಬಿಟ್ಟು ಊಟ ಮಾಡಿದೆವು.
ಆಮೇಲೆ ಬೆರಳಿನಿಂದ ಚಕ್ರ ತಿರುಗಿಸಿದೆ:
ಗಿರಿಗಿಟ್ಟಲೆ. ಎಲ್ಲೂ ತಾಗಲಿಲ್ಲ, ಎಳೆದರೂ ಅಲುಗಲಿಲ್ಲ.
ವೇಸ್ಟ್‌ಗೇಟಿನ ರೆಕ್ಕೆ ತಡವರಿಸದೆ ಮುಚ್ಚಿತು.
ಯಾವುದಕ್ಕೂ ರೋಗವಿಲ್ಲ.
ಘಾಟಗೆ ವಾಚು ನೋಡಿಕೊಂಡರು.

ರಾಬರ್ಟ್‌ಸನ್‌ಪೇಟೆಯ ಸೋಫಾ ತೊಳೆಯುವ ಖಲಂದರ್
ತನ್ನ ಬ್ಲೋಯರನ್ನು ಮೊಪೆಡ್ಡಿನಲ್ಲಿ ತಂದ.
ವಿಮಾನಕ್ಕಾ? ಅಂದ. ಬಾಡಿಗೆ ಬೇಡ, ಒಂದು ಫೋಟೋ ಸಾಕು.
ಹೊಗೆಕೊಳವೆಯ ಬಾಯಿಗೆ ಅದರ ಪೈಪು ಕಟ್ಟಿ ಗಾಳಿ ಊದಿ
ಕೀಲು ಕೀಲಿಗೂ ಸೋಪುನೀರು ಚಿಮುಕಿಸುತ್ತ ಹೋದೆ.
ಒಂದನೇ ಸಿಲಿಂಡರ್, ಏನಿಲ್ಲ. ಮೂರು, ಏನಿಲ್ಲ.
ಐದರ ಹತ್ತಿರ ಒಂದೆರಡು ಗುಳ್ಳೆ, ಅಷ್ಟು ಕ್ಷಮಿಸಬಹುದು.

"ಎಡಕ್ಕೆ," ಅಂದ ಚಿಕ್ಕಪ್ಪ, ಕಣ್ಣು ಮುಚ್ಚಿಕೊಂಡೇ.
"ಕೆಳಗೆ. ಸುಯ್ ಅಂತದೆ."

ಟರ್ಬೋ ಕೂರುವ ಕಡೆ, ಬಿಗಿಪಟ್ಟಿಯ ಕೆಳಗೆ,
ಟಾರ್ಚು ಬಿಟ್ಟರೆ ವಿಭೂತಿ ಎಳೆದಂತೆ ಬೂದು ಗೆರೆ,
ಗೆರೆಯ ಬುಡದಲ್ಲಿ ನೊರೆ
ಉಕ್ಕುವ ಹಾಲಿನ ಅವಸರದಲ್ಲಿ.
ಪಟ್ಟಿ ಬಿಚ್ಚಿದೆ. ಬೆಸುಗೆಯ ಚುಕ್ಕಿಯ ಪಕ್ಕ
ಅಕ್ಕಿಕಾಳಿನುದ್ದದ ಬಿರುಕು.

ಎರಡು ಸಲವೂ ಟರ್ಬೋ ಹೊಸದು.
ಎರಡು ಸಲವೂ ಪಟ್ಟಿ ಹಳೇದು.

"ಇಷ್ಟೇನಾ?" ಅಂದರು ಘಾಟಗೆ, ಮೋಸ ಹೋದವರಂತೆ.
ಇನ್ನು ಹತ್ತು ಗಂಟೆ ಹಾರಿದ್ದರೆ ಈ ಪಟ್ಟಿ ಬಿಚ್ಚಿಕೊಂಡು
ಆ ಬೆಂಕಿಗಾಳಿ ಯಾವ ಕಡೆ ತಿರುಗುತ್ತಿತ್ತು
ಎಂಬುದನ್ನು ನಾನು ಬಾಯಲ್ಲಿ ಹೇಳಲಿಲ್ಲ.
ಪೆಟ್ರೋಲಿನ ನಳಿಗೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದೆ.
ಒಂದು ಗೇಣು.

ಹೊಸ ಪಟ್ಟಿ ಮೂರು ದಿನಕ್ಕೆ ಬಂತು.
ಹಳೇದನ್ನು ಹ್ಯಾಕ್ಸಾದಲ್ಲಿ ಎರಡು ತುಂಡು ಮಾಡಿದೆ.
ಇಡಿಯಾಗಿ ಬಿಟ್ಟರೆ ಒಂದಲ್ಲ ಒಂದು ದಿನ
ಯಾರೋ ಬಡವ ಒರೆಸಿಕೊಂಡು ಹಾಕುತ್ತಾನೆ.

ಹದಿನಾಲ್ಕು ಸಾವಿರಕ್ಕೆ ಏರಿ ಇಳಿದರು ಕ್ಯಾಪ್ಟನ್.
ಮುಳ್ಳು ಅಲುಗಲಿಲ್ಲವಂತೆ, ಕೈಯೆತ್ತಿ ನಗುತ್ತ
ಎಂಜಿನ್ ಆರಿಸಲು ಹೋದರು.
ಚಿಕ್ಕಪ್ಪ ಎದ್ದು ನಿಂತು ಅಂಗೈ ತೋರಿಸಿದ: ತಾಳು.
ಕೆಂಪಗೆ ಕಾದ ಚಕ್ರಕ್ಕೆ ತಟ್ಟನೆ ಎಣ್ಣೆ ನಿಂತರೆ
ಇದ್ದ ಎಣ್ಣೆ ಅಲ್ಲೇ ಕರಿಯಾಗುತ್ತೆ,
ತಳ ಹಿಡಿದ ಬೆಲ್ಲದ ಪಾಕದ ಹಾಗೆ.
ಇದನ್ನು ನಾನು ಓದಿ ಪರೀಕ್ಷೆ ಬರೆದೆ.
ಅವನ ಕಂಪ್ರೆಸರ್ ಮನೆಯಲ್ಲಿ ಅದಕ್ಕೆ ಅಳತೆ
ಒಂದು ಬೀಡಿ.

ಹಚ್ಚುವಂತಿಲ್ಲ ಇಲ್ಲಿ. ಹಚ್ಚದ ಬೀಡಿಯನ್ನೇ ತುಟಿಗಿಟ್ಟು
ಎಳೆದ, ಬಿಟ್ಟ, ನಡುವೆ ಕೆಮ್ಮಿದ,
ಮತ್ತೆ ಎಳೆದ. ಪ್ರೊಪೆಲ್ಲರ್ ಮೆಲ್ಲಗೆ ಸುತ್ತುತ್ತಿತ್ತು.
ಗಾಜಿನ ಹಿಂದೆ ಕ್ಯಾಪ್ಟನ್ ಇವನ ಬಾಯನ್ನೇ ನೋಡುತ್ತಿದ್ದರು.
ಕೊನೆಗೆ ಬೀಡಿ ಕಿವಿಯ ಹಿಂದೆ ಹೋಯಿತು.

ಎಂಜಿನ್ ನಿಂತಿತು.
ಕುರಿಗಳು ಒಂದೊಂದೇ ರನ್‌ವೇಗೆ ಬಂದವು.