ಇನ್ನೊಂದು ಬಿಸಿಲು

ಬಿಳಿ ಚುಕ್ಕೆ ಮೊದಲು ಕಂಡದ್ದು ಕಪ್ಪು ಮೋಲಿಯ ಬಾಲದಲ್ಲಿ,
ಉಪ್ಪಿಟ್ಟು ಕೆದಕುವಾಗ ಸೆರಗಿಗೆ ಹಾರಿದ ರವೆಯಷ್ಟು.
ಮಂಗಳವಾರ ಒಂದು. ಗುರುವಾರ ಮೈತುಂಬಾ.
ಶನಿವಾರ ಮೀನುಗಳು ಕಲ್ಲಿಗೆ ಮೈ ಉಜ್ಜಿದವು,
ಭಾನುವಾರ ಪಕ್ಕದ ತೊಟ್ಟಿಯವೂ,
ಸೋಮವಾರ ಅದರಾಚೆಯವು.

ಗಾಜಿಗೆ ಗಾಜು ತಾಗಿಲ್ಲ, ನೀರಿಗೆ ನೀರು ಸೇರಿಲ್ಲ.
ಹನ್ನೊಂದು ತೊಟ್ಟಿ ಅಂದರೆ ಹನ್ನೊಂದು ಊರು.
ದಾಟಿಸಿದವರು ಯಾರು ಅಂತ
ರಾತ್ರಿ ಶಟರ್ ಎಳೆದು ಕೂತು ಲೆಕ್ಕ ಹಾಕಿದೆ:
ಎಲ್ಲಕ್ಕೂ ಒಂದೇ ಹಸಿರು ಬಲೆ. ಒಂದೇ ಸೈಫನ್ ಪೈಪು.
ಮತ್ತೆ, ಮೊಣಕೈವರೆಗೆ ಒದ್ದೆಯಾದ
ಈ ಬಲಗೈ.

ಶಿಡ್ಲಘಟ್ಟದಲ್ಲಿ ಹುಟ್ಟಿದವನಿಗೆ
ಇಷ್ಟಾದರೂ ಗೊತ್ತಿರಬೇಕಿತ್ತು.
ನಮ್ಮ ಹುಳುಮನೆಯ ಬಾಗಿಲಲ್ಲಿ ಅಮ್ಮ
ಸುಣ್ಣ, ಬ್ಲೀಚಿಂಗ್ ಪುಡಿ ಎರಚಿದ ಗೋಣಿತಾಟು ಹಾಸಿರುತ್ತಿದ್ದಳು.
ಮೆಟ್ಟಿಯೇ ಒಳಗೆ ಬರಬೇಕು,
ಸೋದರಮಾವನಾದರೇನು, ಸಾಲದ ಮೇಲೆ ಸೊಪ್ಪು ಕೊಟ್ಟವನಾದರೇನು.
ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ಕಡಿವ ಸದ್ದು,
ಯಾರೋ ಒಳಗೆ ಕಾಗದ ಹರಿಯುತ್ತಲೇ ಇದ್ದ ಹಾಗೆ.
ಅದನ್ನು ಕೇಳಲೆಂದೇ ಬಂದ ನಾದಿನಿಯನ್ನೂ ನಿಲ್ಲಿಸಿ
"ಕಾಲು" ಅನ್ನುವಳು. ಅಷ್ಟೇ. "ಕಾಲು."
ರೋಗಕ್ಕೆ ಸ್ವಂತ ಕಾಲಿಲ್ಲ ಕಣೋ,
ನಮ್ಮವನ್ನೇ ಬಾಡಿಗೆಗೆ ಹಿಡಿಯುತ್ತೆ,
ಬಾಡಿಗೆ ಮಾತ್ರ ಹುಳು ಕಟ್ಟುತ್ತೆ.

ಬೆಳೆ ಮುಗಿದರೆ ಚಂದ್ರಿಕೆ, ತಟ್ಟೆ, ಸೊಪ್ಪು ಹೆಚ್ಚುವ ಮಣೆ,
ಎಲ್ಲ ಅಂಗಳಕ್ಕೆ. ಗಂಟುರೋಗ ಬಂದ ವರ್ಷ
ತಟ್ಟೆ ಕಟ್ಟಿದ್ದ ಹಗ್ಗವನ್ನೂ ಬಿಡದೆ ಸುಟ್ಟಳು.
ನಾನು ನಗುತ್ತಿದ್ದೆ: ಖಾಲಿ ತಟ್ಟೆಗೂ ಸ್ನಾನವಾ?

ಈಗ ನೀಲಿ ಬಕೆಟ್ಟಿನಲ್ಲಿ ಅದೇ ಪುಡಿ ಕಲಸಿ,
ಕಣ್ಣು ಉರಿದು, ಬಲೆ ಅದ್ದಿದ್ದೇನೆ.
ಪೈಪು, ಗಾಳಿಕಲ್ಲು, ಪ್ಲಾಸ್ಟಿಕ್ ಹುಲ್ಲು,
ಬಾಯಿ ತೆರೆದು ಗುಳ್ಳೆ ಬಿಡುವ ನಿಧಿಪೆಟ್ಟಿಗೆ.
ಸ್ಪಂಜನ್ನು ಮಾತ್ರ ಉಳಿಸಲಿಲ್ಲ, ಕುಡಿದದ್ದನ್ನು ಅದು ಬಿಡುವುದಿಲ್ಲ.
ಜಲ್ಲಿ ತಾರಸಿಯ ಮೇಲೆ ಒಣಗುತ್ತಿದೆ,
ಕಾಗೆಯೊಂದು ಬಂದು, ಕುಕ್ಕಿ, ಬೇಜಾರಾಗಿ ಹೋಯಿತು.

ಬ್ಲೀಚಿಂಗೂ ಯಾರನ್ನೂ ಕೇಳಿ ಕೊಲ್ಲುವುದಿಲ್ಲ.
ತೊಳೆದದ್ದನ್ನು ಮತ್ತೆ ತೊಳೆಯಬೇಕು.
ಪಕ್ಕದ ಸ್ಟುಡಿಯೋ ಅಶ್ವತ್ಥಪ್ಪನವರು
ಡಾರ್ಕ್‌ರೂಮಿಗೆ ಬೀಗ ಹಾಕಿ ಹದಿನಾರು ವರ್ಷ;
ಅಟ್ಟದಿಂದ ಹಾರ್ಲಿಕ್ಸ್ ಬಾಟಲು ಇಳಿಸಿ ಕೊಟ್ಟರು,
ತಳದಲ್ಲಿ ಕಲ್ಲುಸಕ್ಕರೆಯಂಥ ಹೈಪೋ.
"ಮದುವೆ ಫೋಟೋ ಮಾಸದ ಹಾಗೆ ನಿಲ್ಲಿಸ್ತಿದ್ದೆ ಇದರಲ್ಲಿ,
ನಿನ್ನ ಮೀನೂ ನಿಲ್ಲುತ್ತೇನೋ ನೋಡು."
ನಾಲ್ಕು ಹರಳು ಬಿದ್ದು ನೀರಿನ ಘಾಟು ಇಳಿಯಿತು.

ಸಂಜೆ ಫಿಲೇಚರಿನ ಹುಡುಗ ಇಮ್ದಾದ್ ಬಂದ,
ಅಂಗಿಯಲ್ಲಿ ಬೆಂದ ಗೂಡಿನ ವಾಸನೆ, ಮುಷ್ಟಿಯಲ್ಲಿ ನೂರೈವತ್ತು ರೂಪಾಯಿ.
ಎರಡು ಗಪ್ಪಿ, ಒಂದು ಬಲೆ.
ಇಲ್ಲ ಅಂದೆ.
"ಸತ್ತಿದ್ದು ಬೇಡ ಬಿಡಿ, ಬದುಕಿರೋದನ್ನೂ ಮಾರಲ್ವಾ?"
ತಿಂಗಳು ಹೋಗಲಿ ಅಂದೆ.
ಹೋದ ವಾರ ಅವನ ತಂಗಿಗೆ ಒಂದು ಮೀನು
ಕವರಿನಲ್ಲಿ ಕಟ್ಟಿಕೊಟ್ಟಿದ್ದೆ, ಇದೇ ಬಲೆಯಲ್ಲಿ ಹಿಡಿದು.
ಹೇಳಲು ಬಾಯಿ ಬರಲಿಲ್ಲ.
ಹೇಳಿದೆ.
ಅವನು ಸ್ವಲ್ಪ ಹೊತ್ತು ಬಕೆಟ್ಟು ನೋಡಿದ.
"ಅದಕ್ಕೆ ಹೆಸರಿಟ್ಟಿದ್ಳು," ಅಂದ.

ಅಮ್ಮ ಟೀ ತಂದವಳು ಹೊಸ್ತಿಲಲ್ಲೇ ನಿಂತಳು.
ಯಾರೂ ಏನೂ ಅನ್ನಲಿಲ್ಲ, ತಾನೇ ತನ್ನ ಕಾಲು ನೋಡಿಕೊಂಡಳು.
ತಂತಿಗೆ ಹಾಕಿದ್ದ ಬಲೆ ತೆಗೆದು
ಕೂಸಿನ ಚಡ್ಡಿ ಆರಿದೆಯಾ ಅಂತ ನೋಡುವ ಹಾಗೆ
ಕೆನ್ನೆಗೆ ಒತ್ತಿದಳು. ಮೂಸಿದಳು.
ಗಂಟಿನ ಹತ್ತಿರ ಇನ್ನೂ ತಂಪಿದೆ, ಅಂದಳು,
ಇನ್ನೊಂದು ಬಿಸಿಲು ತೋರಿಸು.