ಯಾವ ಮಗ್ಗಲ

ಬೆಟಗೇರಿಯ ತಗಡಿನ ಶೆಡ್ಡಿನಾಗ
ನನ್ನ ಕೆಲಸ ಕಲ್ಲು ತೊಳೆಯೋದು.
ಗುಡ್ಡಕ್ಕ ಗಿರಮಿಟ್ಟು ಹಾಕಿ ತಗದ ಕಲ್ಲು,
ಮುಂಗೈಯಷ್ಟು ದಪ್ಪ, ಕೋಲು ಕೋಲು.
ತೊಳದು, ಪೆಟ್ಟಿಗ್ಯಾಗ ಸಾಲಿಗೆ ಮಲಗಿಸಿ
ಕಟಗಿ ತುಂಡಿನ ಮ್ಯಾಲೆ ಆಳ ಬರೀಬೇಕು, ಕೆಂಪು ಬಣ್ಣದಾಗ:
ನೂರಾ ಹನ್ನೊಂದು ಮೀಟರ್. ನೂರಾ ಹದಿನಾಕು.
ಗ್ವಾಡಿ ಆಚೆ ಮಗ್ಗ ಬಡೀತಿರತಾವ,
ಆ ತಾಳಕ್ಕ ನಾ ತಿಕ್ಕತೀನಿ.

ಒಣಗಿದ್ರ ಎಲ್ಲಾ ಕಲ್ಲೂ ಒಂದ ಬೂದಿ.
ಹಸಿ ಆದ ಕೂಡ್ಲೆ ಹಸರು ಹೊರಗ ಬರತೈತಿ.
ಹೂಲಿ ಮೇಡಮ್ಮ ನೀರು ಸಿಗದಿದ್ರ ನೆಕ್ಕೇ ಬಿಡತಾರ.
ಮೊದಲ ದಿನ ನಾ ನಕ್ಕೆ. ಈಗ ನಾನೂ ನೆಕ್ಕತೀನಿ.
ಗುಡ್ಡದ ಹೊಟ್ಟಿ ರುಚಿ ಏನಂತ ಕೇಳಬ್ಯಾಡ್ರಿ:
ತಣ್ಣಗ, ಸಪ್ಪಗ, ಕುಡುಗೋಲು ತುಟಿಗೆ ತಾಗಿದಂಗ.

ಒಂದೊಂದು ಕಡೆ ಕಲ್ಲು ಬರಂಗಿಲ್ಲ, ಪುಡಿಯಾಗಿ ಹೋಗಿರತೈತಿ.
ಅಲ್ಲಿ ಬರೇ ಕಟಗಿ ಇಟ್ಟು ಬರೀತೀನಿ: ಎರಡೂವರಿ ಮೀಟರ್, ಸಿಕ್ಕಿಲ್ಲ.
ಸಾಲಿ ಬಿಟ್ಟಮ್ಯಾಲಿನ ಆರು ವರ್ಷ ಏನ್ ಮಾಡಿದಿ ಅಂತ
ಅರ್ಜಿ ತುಂಬುವಾಗ ಕ್ಲಾರ್ಕ ಕೇಳಿದ್ದ.
ಆಗ ನನ್ನ ಕೈಯಾಗ ಇಂಥಾ ಕಟಗಿ ಇರಲಿಲ್ಲ.

ಒಳಗ ಹೋದಂಗ ಏನೈತ್ರಿ ಅಂತ ಕೇಳಿದೆ.
"ಹುಸೇನಬಿ, ಇಲ್ಲಿಂದ ಲಕ್ಷ್ಮೇಶ್ವರ ಎಷ್ಟು ದೂರ,
ಅಷ್ಟು ಇಳದ್ರ ಭೂಮಿ ತೊಗಲು ಮುಗೀತು.
ಮುಂದ ಬಿಸಿ ಕಲ್ಲು. ಹರಿಯಂಗಿಲ್ಲ, ಆದ್ರ ಸುಮ್ಮನೂ ಇರಂಗಿಲ್ಲ, ಸರೀತೈತಿ.
ಅದು ರೈಲಿನಾಗ ದಿಲ್ಲಿಗೆ ಹೋಗಿ, ತಿರುಗಿ ಬರೂಮುಂದ ಇಟಾರ್ಸಿ ಮುಟ್ಟಿದಷ್ಟು.
ಆಮ್ಯಾಲೆ ಕರಗಿದ ಕಬ್ಬಿಣ.
ನಟ್ಟನಡುವ ಅದಕ್ಕಿಂತಲೂ ಬಿಸಿ ಗುಂಡು,
ಆದ್ರ ಗಟ್ಟಿ. ಸುತ್ತಲ ಅಷ್ಟು ಭಾರ,
ಕರಗಾಕೂ ಜಾಗಾ ಬೇಕಲ್ಲ."

ಸಾಲಿ ಪುಸ್ತಕದಾಗ ಉಳ್ಳಾಗಡ್ಡಿ ಸೀಳಿದಂಗ ಚಿತ್ರ ಇತ್ತು.
ಉಳ್ಳಾಗಡ್ಡಿ ಆರಿಸಿ ದುಡದಾಕಿ ನಾ.
ಅದರ ನಡುವ ಮೊಳಕಿ ಇರತೈತಿ, ಬೆಂಕಿ ಅಲ್ಲ.

"ನಮ್ಮ ಡ್ರಿಲ್ಲು?"
"ಮುನ್ನೂರು ಮೀಟರ್."
ಅಂದ್ರ ಲಕ್ಷ್ಮೇಶ್ವರಕ್ಕ ಹೊಂಟಾವ್ರು
ಓಣಿ ತುದಿ ಚಾದಂಗಡಿತನಕ ಬಂದೀವಿ.

ಮಳಿ ನಿಂತಮ್ಯಾಲೆ ಒಂದಿನ ಜೀಪಿನಾಗ ಕರಕೊಂಡು ಹೋದ್ರು.
ಕಪ್ಪತಗುಡ್ಡದ ಬುಡಕ ಒಂದು ಹಳ್ಳ.
ಬಂಡೀ ತುಂಬ ಗುಂಡು ಗುಂಡು, ಒಂದಕ್ಕೊಂದು ಒತ್ತಿಕೊಂಡು,
ಪ್ರತಿಯೊಂದಕ್ಕೂ ಕರೀ ಅಂಚು, ಹೊಲದಂಗ.
"ಇವಕ್ಕ ದಿಂಬು ಅಂತೀವಿ," ಅಂದ್ರು ಮೇಡಮ್ಮ.
"ಇಲ್ಲಿ ಸಮುದ್ರ ಇತ್ತು. ಅದರ ನೆಲ ಬಿರದು ಬೆಂಕಿ ಉಕ್ಕಿತು.
ನೀರು ತಾಗಿ ಮ್ಯಾಲೆ ತೊಗಲು ಕಟ್ಟಿತು, ಒಳಗ ಇನ್ನೂ ಕೆಂಪು.
ಒಂದು ಉರುಳಿತು, ಅದರ ಮ್ಯಾಲೆ ಇನ್ನೊಂದು.
ಇನ್ನೂರೈವತ್ತು ಕೋಟಿ ವರ್ಷದ ಮ್ಯಾಲಾತು."
ಸಮುದ್ರ. ಇಲ್ಲಿ.
ನಾ ಬಾಟಲಿ ನೀರು ಕುಡಿದು ಸುಮ್ಮನ ನೋಡಿದೆ.

ನಮ್ಮಪ್ಪ ಅರಳಿ ಹಿಂಜಾವ.
ಅವನ ಬಿಲ್ಲು ಟಂಯ್ ಅಂದ್ರ ಓಣಿ ಹುಡುಗ್ರು ಓಡಿ ಬರತಿದ್ರು.
ಮದವಿ ಮನಿ ದಿಂಬು ಹೊಲದು ಒಟ್ಟೋದು ನನ್ನ ಪಾಲು.
ಹೊಸಾ ದಿಂಬು ಒಟ್ಟಿದ್ರ
ಮ್ಯಾಲಿಂದು ಕೆಳಗಿನ ಎರಡರ ಸಂದಿಗೆ ಇಳೀತೈತಿ, ಹೊಟ್ಟಿ ಚೂಪಾಗಿ.
ಬೆನ್ನು ಗುಂಡಗ ಉಳೀತೈತಿ.

ಈ ಕಲ್ಲಿನಾಗ ಚೂಪು ಮುಗಿಲ ಕಡೆ ಇತ್ತು.

"ಮೇಡಮ್ಮ, ಈ ಒಟ್ಟು ಬೋರಲ ಬಿದ್ದೈತ್ರಿ."
ಆಕಿ ನೋಟಬುಕ್ಕಿನಿಂದ ತೆಲಿ ಎತ್ತಿದ್ರು.
ಕುಂತು ನೋಡಿದ್ರು, ಆಚೆ ದಂಡಿಗೆ ಹೋಗಿ ನೋಡಿದ್ರು,
ಬರದಿದ್ದ ಬಾಣದ ಗುರುತು ಅಳಿಸಿ
ತಿರುಗಿಸಿ ಬರದ್ರು.
ಗುಡ್ಡಕ್ಕ ಗುಡ್ಡನ ಯಾವಾಗೋ ಮಗಚಿ ಮಲಗಿತ್ತು,
ಹೊದಿಸಾಕ ಯಾರೂ ಇರಲಿಲ್ಲ.

ರಾತ್ರಿ ಅಪ್ಪಗ ಹೇಳಿದೆ. ಕೆಮ್ಮು ತಡದು ಕೇಳಿದ:
"ಹೊಲಿಗಿ ಹ್ಯಾಂಗಿತ್ತು?"
"ಬೆಂಕಿ ತುಂಬಿ ನೀರಿನಾಗ ಹೊಲದಾರಪ್ಪ.
ಒಂದ ಕಡೆನೂ ಬಿಚ್ಚಿಲ್ಲ."
ತನ್ನ ಬೆರಳು ನೋಡಕೋತ ಕುಂತ ಸ್ವಲ್ಪ ಹೊತ್ತು.
"ಅರಳಿ ಆದ್ರ ಮೂರು ವರ್ಷ," ಅಂದ,
ಗ್ವಾಡಿ ಕಡೆ ಮಗ್ಗಲಾದ.