ಹಿಡಿ

ನಾಲ್ಕು ಬಾಗಿಲಿಗೆ ಒಂದೇ ಹಿಡಿ.
ಅದೂ ನನ್ನ ಬಳಿ, ಗೇರಿನ ಪಕ್ಕದ ತಗಡಿನ ಡಬ್ಬಿಯಲ್ಲಿ
ಚಿಲ್ಲರೆಯ ಜೊತೆ.

ಹಿಂದಿನ ಸೀಟಿನಿಂದ ಯಾರಾದರೂ
ಉಸಿರು ಕಟ್ಟುತ್ತೆ ಅಂದರೆ, ಧೂಳು ಅಂದರೆ,
ತಿರುಗಿ ನೋಡದೆ ಭುಜದ ಮೇಲಿಂದ ಕೈ ಚಾಚಿ
‘ಹಿಡಿ’ ಅನ್ನುತ್ತಿದ್ದೆ.
ಹಲ್ಲಿಗೆ ಹಲ್ಲು ಕೂಡಿಸಿ ಗಾಜು ಇಳಿಸಿ
ಮರಳಿ ಕೊಡುತ್ತಿದ್ದರು, ಬೆಚ್ಚಗೆ,
ಒಮ್ಮೊಮ್ಮೆ ಕಿತ್ತಳೆಯ ಅಂಟಿನೊಂದಿಗೆ.

ಅಡಿಸ್ ಅಬಾಬದ ನೀಲಿ ಲಾಡಾಗಳಲ್ಲಿ ಇದೇ ನಡಾವಳಿ.
ಹೊಸಬರು ನಗುತ್ತಾರೆ. ನಗಲಿ.
ಗಾಡಿ ನನಗಿಂತ ಎರಡು ವರ್ಷ ಚಿಕ್ಕದು,
ನನಗಿಂತ ಹೆಚ್ಚು ಹೊಲಿಗೆ ಕಂಡದ್ದು:
ರೇಡಿಯೇಟರು ತೀರಿಕೊಂಡ ಒಬ್ಬ ಗೆಳೆಯನದು,
ಎಡಗಣ್ಣು ಗೊಂಡರ್ ರಸ್ತೆಯಲ್ಲಿ ಮಗುಚಿದ್ದರದು,
ಹಾರ್ನು ಯಾವುದೋ ಲಾರಿಯದು,
ಮೈಗಿಂತ ದನಿ ದೊಡ್ಡದು.

ಹಮ್ಲೆ ತಿಂಗಳ ಒಂದು ಮಧ್ಯಾಹ್ನ
ಶಿರೊ ಮೆದಾದಲ್ಲಿ ಹತ್ತಿದ ಹೆಂಗಸು
ಬೆರ್ಬೆರೆ ಖಾರದ ಚೀಲ ತೊಡೆಯ ಮೇಲಿಟ್ಟುಕೊಂಡು
ಗಾಜು ಪೂರಾ ಇಳಿಸಿದಳು.
ಅರಾತ್ ಕಿಲೊದಲ್ಲಿ ತಾನೂ ಇಳಿದಳು.
ಹಿಡಿಯೂ ಇಳಿಯಿತು.

ಗೊತ್ತಾದದ್ದು ಆಕಾಶ ಹರಿದಾಗ.
ಗಾಜು ಬಾಗಿಲ ಹೊಟ್ಟೆಯೊಳಗೆ,
ಸೀಟು ಕೆರೆ.
ಇಕ್ಕಳ ಹಾಕಿ ತಿರುಗಿಸಿದೆ, ತಿರುಗಲಿಲ್ಲ,
ಬಾಗಿಲ ಕಡೆಯ ಒಂದು ಹಲ್ಲು ಮುಕ್ಕಾದದ್ದೇ ಬಂತು.

ಮರುದಿನ ಮೆರ್ಕಾಟೊ. ಸೋಮಾಲಿ ತೆರಾ.
ಬಿಚ್ಚಿಟ್ಟ ಗಾಡಿಗಳ ಊರು ಅದು:
ಒಂದು ಅಂಗಡಿ ತುಂಬ ಬರೀ ಬಾಗಿಲು,
ತೆರೆದರೆ ಆಚೆ ಇನ್ನೊಂದು ಬಾಗಿಲು;
ಒಂದು ಹಗ್ಗದ ತುಂಬ ಕನ್ನಡಿ,
ಎಲ್ಲದರಲ್ಲೂ ಕ್ಷೌರ ಮಾಡದ ನಾನೇ.

ನಸ್ರೆದ್ದೀನ್ ಕಾಫಿ ಕೆಳಗಿಡದೆ ಕೇಳಿದ:
‘ಹಲ್ಲೆಷ್ಟು?’
ಮೂವತ್ತೊಂದು, ಅಂದೆ, ಒಂದು ಕೀಳಿಸಿದ್ದೇನೆ.
‘ನಿಂದಲ್ಲಯ್ಯಾ, ಹಿಡೀದು.’

ಎಣಿಸಿರಲಿಲ್ಲ.
ಹದಿನೇಳು ವರ್ಷ ದಿನಕ್ಕೆ ನೂರು ಸಲ ಮುಟ್ಟಿದ್ದನ್ನು
ಎಣಿಸಬೇಕೆಂದು ಯಾರಿಗೆ ಹೊಳೆಯುತ್ತದೆ?

ಫಿಯೆಟ್‌ನದು ಕೊಟ್ಟ. ‘ಒಂದೇ ಬಸಿರು,’ ಅಂದ,
‘ಇಟಲಿಯ ಅಕ್ಕ, ರಷ್ಯದ ತಂಗಿ.’
ಮೂರು ಸುತ್ತು ಬಂತು, ನಾಲ್ಕಕ್ಕೆ ಜಾರಿತು.
ಅಕ್ಕನ ಬಳೆ, ತಂಗಿಯ ಸಪೂರ ಕೈ.
ಚೀನಾದ ಹೊಸತು ಕೊಟ್ಟ. ಕೂತಿತು,
ಅಂಗೈಗೆ ಹಿಡಿಸಲಿಲ್ಲ.
ಕೊನೆಗೆ ಗೋಣಿಯ ತಳ ಕೆದಕಿ ತೆಗೆದ,
ತುಕ್ಕು ಹತ್ತಿದ್ದು, ತುದಿಯ ಗುಂಡು ಉದುರಿದ್ದು.
ಮುಕ್ಕು ಹಲ್ಲಿನ ಬಳಿ ತುಸು ತಡೆದು
ಕಟಕ್ ಅಂತ ಕೂತಿತು.
ನೂರೈವತ್ತು ಬಿರ್ ಅಂದ. ಎಂಬತ್ತು ಅಂದೆ. ಬೈದ.
ನೂರಕ್ಕೆ ಬೈಗುಳ ನಿಂತಿತು.

ಒಂಬತ್ತನೇ ದಿನ, ಅರಾತ್ ಕಿಲೊದ ಸರದಿಯಲ್ಲಿ,
ನಿಂತ ಲಾಡಾಗಳ ಹಿಂಬಾಗಿಲು ಒಂದೊಂದೇ ತೆರೆದು
ಸಿಕ್ಕಿಸಿ ನೋಡುತ್ತ ಬರುತ್ತಿದ್ದಾಳೆ
ಅದೇ ಹೆಂಗಸು. ವೊರ್ಕನೆಶ್ ಅಂತೆ ಹೆಸರು.
‘ಎಲ್ಲದಕ್ಕೂ ಕೂರುತ್ತದಲ್ಲಪ್ಪಾ,’ ಅಂದಳು ಸೋತು,
‘ಯಾರದೆಂದು ಹೇಗೆ ಹೇಳಲಿ?’
ಡ್ರೈವರುಗಳೆಲ್ಲ ನಂದೇ ನಂದೇ ಅಂದರಂತೆ.
ಕೊಟ್ಟಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ
ಬಗ್ಗಿ ಸೀಟಿಗೆ ಅಂಗೈ ಒತ್ತಿದಳು.
ಒಳಗಿನ ಸ್ಪಂಜು ಇನ್ನೂ ನೀರು ಕಾರಿತು;
ಹಮ್ಲೆಯಲ್ಲಿ ಈ ಊರಿನಲ್ಲಿ ಏನೂ ಆರುವುದಿಲ್ಲ.
ಕೈಯನ್ನು ಶಾಲಿಗೆ ಒರೆಸಿಕೊಂಡು
ನನ್ನ ಮುಖ ನೋಡಿದಳು.
‘ಹಿಡಿ,’ ಅಂದಳು.

ಈಗ ಎರಡಿವೆ.
ತುಕ್ಕಿನದನ್ನು ಹಿಂಬಾಗಿಲಿಗೇ ಬಿಟ್ಟಿದ್ದೇನೆ.
ಜನ ಹತ್ತುತ್ತಾರೆ, ಬೇಕಾದಷ್ಟು ಇಳಿಸುತ್ತಾರೆ, ಏರಿಸುತ್ತಾರೆ,
ಯಾರನ್ನೂ ಕೇಳಬೇಕಿಲ್ಲ.
ಸಿಗ್ನಲಿನಲ್ಲಿ ಒಮ್ಮೊಮ್ಮೆ ನನ್ನ ಬಲಗೈ ತಾನಾಗಿ
ಭುಜ ದಾಟಿ ಹಿಂದಕ್ಕೆ ಹೋಗುತ್ತದೆ,
ಏನಾದರೂ ಬೇಕಿತ್ತೇ ಎಂದು ಕೇಳುತ್ತಾರೆ.

ಹಳೆಯದು ಡಬ್ಬಿಯಲ್ಲಿದೆ.
ಒರೆಸಿದೆ, ಸೀಮೆಎಣ್ಣೆಯಲ್ಲಿ ತೊಳೆದೆ,
ಬೆರ್ಬೆರೆಯ ಘಾಟು ಹೋಗಿಲ್ಲ, ಚಿಲ್ಲರೆಗೂ ಹತ್ತಿದೆ.
ಬಾಕಿ ಎಣಿಸಿಕೊಂಡು ಇಳಿದವರು
ರಸ್ತೆ ದಾಟದೆ ಅಲ್ಲೇ ನಿಂತು
ಎರಡು ಸಲ ಸೀನುತ್ತಾರೆ.